ತೊಗಲು ಯಾವ ಹಂತದಲ್ಲಿ ಗಡಿ ದಾಟುತ್ತದೆ?

ಕಾಮರ್ಸ್ ಓದುವ ಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ದಾರಿ ತಪ್ಪಿದ ಕಡೆ ಸ್ವಲ್ಪ ತಿದ್ದಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.

ನಮಸ್ಕಾರ. ಬೆಂಗಳೂರಿಂದ ಚೆನ್ನೈಗೆ ರೈಲಲ್ಲಿ ಹೋದವರು ಎಷ್ಟು ಜನ ಇದ್ದೀರಿ? ಜೋಲಾರಪೇಟೆ ದಾಟಿದ ಮೇಲೆ ವಾಣಿಯಂಬಾಡಿ, ಆಂಬೂರು ಬರುತ್ತವೆ, ಅಲ್ವಾ. ಅಲ್ಲಿ ಕಿಟಕಿ ಪಕ್ಕ ಕೂತವರು ಮೆಲ್ಲಗೆ ಕರ್ಚೀಫು ತೆಗೆಯುತ್ತಾರೆ. ಬಿರಿಯಾನಿಗೆ ಹೆಸರಾದ ಊರಲ್ಲಿ ಇದೇನು ವಾಸನೆ ಅಂತ ಮೊದಲ ಸಲ ನನಗೂ ಅನಿಸಿತ್ತು. ಆಮೇಲೆ ಆ ವಾಸನೆಯಲ್ಲೇ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ಚರ್ಮ ಹದ ಮಾಡುವವನಾಗಿ ಅಲ್ಲ, ರಫ್ತಿನ ಕಾಗದ ಪತ್ರ ನೋಡುವ ಗುಮಾಸ್ತನಾಗಿ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ದುಡ್ಡು ಬರುತ್ತದೆ ಅಂತ ಬ್ಯಾಂಕು ಖಾತ್ರಿ ಕೊಡುವ ಎಲ್‌ಸಿ. ಚರ್ಮ ಮುಟ್ಟಿದ್ದು ಕಡಿಮೆ, ಚರ್ಮದ ಬಗ್ಗೆ ಟೈಪ್ ಮಾಡಿದ್ದು ಜಾಸ್ತಿ.

ಆ ಕೆಲಸದಲ್ಲಿ ಒಂದು ಚಟ ಹತ್ತಿಕೊಳ್ಳುತ್ತದೆ. ವಸ್ತು ನೋಡಿದ ಕೂಡಲೇ ಕಸ್ಟಮ್ಸ್ ನಂಬರು ನೆನಪಾಗುತ್ತದೆ. ದನ, ಎಮ್ಮೆಯ ಹಸಿ ತೊಗಲು 4101. ಹದ ಮಾಡಿ ಇನ್ನೂ ಬಣ್ಣ, ಹೊಳಪು ಕೊಡದ ಚರ್ಮ 4104. ಪೂರ್ತಿ ತಯಾರಾದ ಚರ್ಮ 4107. ಚರ್ಮದ ಮೇಲ್ಭಾಗ ಇರುವ ಶೂ 6403. ಇವತ್ತು ನಾನು ಹೇಳಬೇಕೆಂದಿರುವುದು ಈ ನಾಲ್ಕು ನಂಬರಿನ ಕತೆ. ಒಂದೇ ದನದ ಒಂದೇ ತೊಗಲು ಯಾವ ನಂಬರು ಹೊತ್ತು ದೇಶದ ಗಡಿ ದಾಟುತ್ತದೆ? ಯಾರು ಅದನ್ನು 4101ರಲ್ಲೇ ಮಾರಿಬಿಡುತ್ತಾರೆ, ಯಾರು 6403 ಆಗುವ ತನಕ ಕಾಯುತ್ತಾರೆ? ನೂರೈವತ್ತು ವರ್ಷದಿಂದ ಈ ವ್ಯಾಪಾರದ ಜಗಳ ಇದೊಂದರ ಮೇಲೇ ನಡೆದಿದೆ.

ಶುರು ಮಾಡುವ ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಪ್ರಪಂಚದಲ್ಲಿ ಯಾರೂ ತೊಗಲಿಗೋಸ್ಕರ ದನ ಸಾಕುವುದಿಲ್ಲ. ಹಾಲಿಗೆ, ಉಳುಮೆಗೆ, ಮಾಂಸಕ್ಕೆ ಸಾಕುತ್ತಾರೆ. ತೊಗಲು ಜೊತೆಗೆ ಬರುತ್ತದೆ. ಕೋಲಾರದಲ್ಲಿ ಟೊಮೇಟೊ ರೇಟು ಬಿದ್ದರೆ ರೈತ ಮುಂದಿನ ಸಲ ಕಡಿಮೆ ನೆಡುತ್ತಾನೆ. ಮಾಲು ಕಡಿಮೆ ಆಗಿ ರೇಟು ಮತ್ತೆ ಏರುತ್ತದೆ. ತೊಗಲಿಗೆ ಆ ನಿಯಮ ನಡೆಯುವುದಿಲ್ಲ. ಜನ ಮಾಂಸ ತಿನ್ನುತ್ತಿರುವ ತನಕ ತೊಗಲು ಬರುತ್ತಲೇ ಇರುತ್ತದೆ, ಯಾರಿಗೆ ಬೇಕೋ ಬೇಡವೋ. ನೀವು ಓದಿದ ಬೇಡಿಕೆ ಪೂರೈಕೆಯ ಎರಡು ಗೆರೆಯಲ್ಲಿ ಇಲ್ಲಿ ಒಂದು ಗೆರೆ ಮಾತೇ ಕೇಳುವುದಿಲ್ಲ.

ಅಮೆರಿಕದಲ್ಲಿ ಆದದ್ದು ನೋಡಿ. ಹಸಿ ತೊಗಲು ರಫ್ತು ಮಾಡುವ ದೇಶಗಳಲ್ಲಿ ಅದು ದೊಡ್ಡದು. 2014ರ ಸುಮಾರಿಗೆ ಅಲ್ಲಿನ ದಪ್ಪ ಹೋರಿ ತೊಗಲು ಒಂದಕ್ಕೆ ನೂರು ಡಾಲರಿಗೂ ಮೇಲೆ ಸಿಗುತ್ತಿತ್ತು. ಆಮೇಲೆ ಇಳಿಯಲು ಶುರುವಾಗಿದ್ದು ನಿಲ್ಲಲೇ ಇಲ್ಲ. ಆಟದ ಶೂ ಮಾಡುವ ಕಂಪನಿಗಳು ಬಟ್ಟೆಯಂತೆ ಹೆಣೆದ ಮೇಲ್ಭಾಗಕ್ಕೆ ಹೋದವು. ನೈಕಿಯ ಫ್ಲೈನಿಟ್ ಬಂದದ್ದು 2012ರಲ್ಲಿ. ಆಫೀಸಿಗೆ ಕರಿ ಶೂ ಹಾಕುವ ಪದ್ಧತಿಯೇ ಸಡಿಲವಾಯಿತು. ನಿಮ್ಮ ಮೇಷ್ಟ್ರ ಕಾಲು ನೋಡಿ, ಗೊತ್ತಾಗುತ್ತದೆ. 2018ರಿಂದ ಅಮೆರಿಕಕ್ಕೂ ಚೀನಾಕ್ಕೂ ಸುಂಕದ ಜಗಳ, ಅದರ ಬೆನ್ನಿಗೆ ಕೋವಿಡ್. ಅಷ್ಟು ಹೊತ್ತಿಗೆ ಕೆಳದರ್ಜೆಯ ತೊಗಲಿಗೆ ಉಪ್ಪು ಹಚ್ಚಿ, ಕಟ್ಟಿ, ಬಂದರಿಗೆ ಕಳಿಸುವ ಖರ್ಚೂ ಹುಟ್ಟದ ಸ್ಥಿತಿ ಬಂತು. ಲಕ್ಷಗಟ್ಟಲೆ ತೊಗಲನ್ನು ಅಲ್ಲಿ ಮಣ್ಣಲ್ಲಿ ಹೂತರು. ಅದೇ ವರ್ಷಗಳಲ್ಲಿ ಮಿಲಾನಿನ ಅಂಗಡಿಯಲ್ಲಿ ಚರ್ಮದ ಕೈಚೀಲದ ಬೆಲೆ ಏರುತ್ತಲೇ ಇತ್ತು. ಒಂದು ತುದಿಯಲ್ಲಿ ತೊಗಲು ಕಸ, ಇನ್ನೊಂದು ತುದಿಯಲ್ಲಿ ಚಿನ್ನ. ನಡುವೆ ಇರುವುದು ಹಂತಗಳು.

ಆ ಹಂತಗಳನ್ನು ಬೇಗ ಹೇಳಿಬಿಡುತ್ತೇನೆ. ದನದಿಂದ ಸುಲಿದ ತೊಗಲು ಕೆಲವೇ ಗಂಟೆಯಲ್ಲಿ ಕೊಳೆಯಲು ಶುರು. ಅದಕ್ಕೇ ಉಪ್ಪು. ಉಪ್ಪು ಹಾಕಿದ್ದು ಹದ ಮಾಡುವ ಕಾರ್ಖಾನೆಗೆ, ಅಂದರೆ ಟ್ಯಾನರಿಗೆ, ಬಂದರೆ ನೆನೆಸಿ, ಸುಣ್ಣ ಹಾಕಿ ಕೂದಲು ತೆಗೆದು, ಮರದ ದೊಡ್ಡ ಡ್ರಮ್ಮಿನಲ್ಲಿ ಕ್ರೋಮಿಯಂ ಉಪ್ಪಿನ ಜೊತೆ ತಿರುಗಿಸುತ್ತಾರೆ. ಹೊರಗೆ ಬಂದಾಗ ಒದ್ದೆಯಾಗಿ, ತಿಳಿ ನೀಲಿಯಾಗಿ ಇರುತ್ತದೆ. ಹೆಸರೂ ಅದೇ, ವೆಟ್ ಬ್ಲೂ. ಇನ್ನು ಕೊಳೆಯುವುದಿಲ್ಲ. ಹಡಗಲ್ಲಿ ತಿಂಗಳುಗಟ್ಟಲೆ ಹೋಗಬಹುದು. ಅದಕ್ಕೆ ಎಣ್ಣೆ ಕುಡಿಸಿ ಒಣಗಿಸಿದರೆ ಕ್ರಸ್ಟ್. ಬಣ್ಣ, ಮೇಲ್ಪದರ, ಇಸ್ತ್ರಿ ಎಲ್ಲ ಆದರೆ ಫಿನಿಶ್ಡ್. ಹಸಿ ತೊಗಲನ್ನು ತೂಕದಲ್ಲಿ ಮಾರುತ್ತಾರೆ, ಫಿನಿಶ್ಡ್ ಚರ್ಮವನ್ನು ಚದರಡಿಯಲ್ಲಿ. ಕಿಲೋ ಹೋಗಿ ಚದರಡಿ ಆಗುವ ಜಾಗದಲ್ಲೇ ಲಾಭ ಕೂತಿರುತ್ತದೆ ಅಂತ ನಮ್ಮ ಆಫೀಸಿನ ಹಿರಿಯರೊಬ್ಬರು ಹೇಳುತ್ತಿದ್ದರು.

ಈಗ ಹಳೆಯ ಕಾಲಕ್ಕೆ ಹೋಗೋಣ. ಕ್ರೋಮಿಯಂ ಬರುವ ಮೊದಲು ಗಿಡದ ತೊಗಟೆಯಿಂದಲೇ ಹದ. ನಮ್ಮ ಬಯಲುಸೀಮೆಯ ತಂಗಡಿ ಗಿಡ ನೋಡಿದ್ದೀರಾ? ಕೆಲವು ಕಡೆ ಆವರಿಕೆ ಅನ್ನುತ್ತಾರೆ. ರಸ್ತೆ ಬದಿಯಲ್ಲಿ ಹಳದಿ ಹೂವು ಬಿಟ್ಟುಕೊಂಡು ಸುಮ್ನೆ ನಿಂತಿರುತ್ತದೆ. ಅದರ ತೊಗಟೆಯಲ್ಲಿ ಒಳ್ಳೆಯ ಒಗರು ಇದೆ. ಮದರಾಸು ಪ್ರಾಂತ್ಯದ ಟ್ಯಾನರಿಗಳು ದನದ ತೊಗಲನ್ನು ತಂಗಡಿ ತೊಗಟೆಯಲ್ಲಿ ಹದ ಮಾಡಿ, ಕೊನೆಗೆ ಅಳಲೆಕಾಯಿ ನೀರಿನಲ್ಲಿ ಅದ್ದಿ, ಅರೆ ಹದದ ಚರ್ಮವನ್ನು ಲಂಡನ್ನಿಗೆ ಕಳಿಸುತ್ತಿದ್ದವು. ಈಸ್ಟ್ ಇಂಡಿಯಾ ಕಿಪ್ಸ್ ಅಂತ ಅದಕ್ಕೆ ಹೆಸರು. ನಮ್ಮ ದನ ಸಣ್ಣದು, ಅದರ ತೊಗಲು ತೆಳು, ಅದಕ್ಕೇ ಕಿಪ್. ಮೈಸೂರು ಸಂಸ್ಥಾನದಿಂದ ತಂಗಡಿ ತೊಗಟೆ ಆ ಕಡೆ ಹೋಗುತ್ತಿತ್ತು. ಇಂಗ್ಲೆಂಡಿನ ಟ್ಯಾನರಿಯವರು ಈ ಕಿಪ್ಸನ್ನು ಮತ್ತೆ ಹದ ಮಾಡಿ, ಬಣ್ಣ ಕೊಟ್ಟು, ಶೂ ಮಾಡುವವರಿಗೆ ಮಾರುತ್ತಿದ್ದರು. ಅಂದರೆ ನಮ್ಮದು ಅರ್ಧ ದಾರಿ, ಅವರದ್ದು ಇನ್ನರ್ಧ.

ಕಲ್ಕತ್ತೆಯ ಕತೆ ಇನ್ನೂ ಬೇರೆ. ಅಲ್ಲಿಂದ ಹೋಗುತ್ತಿದ್ದದ್ದು ಹಸಿ ತೊಗಲು. ಮೊದಲ ಮಹಾಯುದ್ಧದ ಮುಂಚೆ ಆ ವ್ಯಾಪಾರ ಹೆಚ್ಚೂಕಡಿಮೆ ಜರ್ಮನ್ ವ್ಯಾಪಾರಿಗಳ ಕೈಯಲ್ಲಿತ್ತು. ಮಾಲು ಜರ್ಮನಿಗೆ, ಆಸ್ಟ್ರಿಯಾಕ್ಕೆ ಹೋಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷರಿಗೆ ಎಚ್ಚರವಾಯಿತು. ನಮ್ಮ ವಸಾಹತಿನ ದನದ ತೊಗಲು ಶತ್ರುವಿನ ಸೈನಿಕನ ಬೂಟಾಗುತ್ತಿದೆಯಲ್ಲ ಅಂತ. ಮದರಾಸಿನ ಕಿಪ್ಸನ್ನು ಸರ್ಕಾರವೇ ಹತೋಟಿಗೆ ತೆಗೆದುಕೊಂಡು ತನ್ನ ಸೈನ್ಯದ ಬೂಟಿಗೆ ಬಳಸಿತು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಹಸಿ ತೊಗಲಿನ ರಫ್ತಿಗೆ ಶೇ. 15 ಸುಂಕ ಹಾಕಿದರು. ಹೊರಗೆ ಹೇಳಿದ ಕಾರಣ ಇಲ್ಲಿನ ಟ್ಯಾನರಿ ಬೆಳೆಯಲಿ ಎಂದು. ಆದರೆ ಸಾಮ್ರಾಜ್ಯದೊಳಗೆ ಹದ ಮಾಡುವುದಾದರೆ ಆ ಹದಿನೈದರಲ್ಲಿ ಹತ್ತು ವಾಪಸ್! ಅಂದರೆ ಜರ್ಮನಿಗೆ ಹೋಗಬೇಡ, ಇಂಗ್ಲೆಂಡಿಗೆ ಬಾ ಅಂತ. ಕಲ್ಕತ್ತೆಯ ತೊಗಲು ವ್ಯಾಪಾರಿಗಳು ಬೊಬ್ಬೆ ಹೊಡೆದರು. 1923ರಲ್ಲಿ ಸುಂಕ ಶೇ. 5ಕ್ಕೆ ಇಳಿಯಿತು. ರಫ್ತು ಸುಂಕ ಹಾಕಿದಾಗ ಹಸಿ ತೊಗಲು ಮಾರುವವನು ಅಳುತ್ತಾನೆ, ಟ್ಯಾನರಿಯವನು ನಗುತ್ತಾನೆ. ತೆಗೆದಾಗ ಉಲ್ಟಾ. ಇದು ಮುಂದೆ ಬೇರೆ ಬೇರೆ ದೇಶದಲ್ಲಿ ಮತ್ತೆ ಮತ್ತೆ ನಡೆಯಿತು.

ಇಲ್ಲೊಂದು ಸಣ್ಣ ಪಕ್ಕದ ಕತೆ. ಆಲ್ಫ್ರೆಡ್ ಚಾಟರ್ಟನ್ ಅಂತ ಒಬ್ಬ ಇಂಗ್ಲಿಷ್ ಇಂಜಿನಿಯರ್ ಮದರಾಸಿನಲ್ಲಿ ಕ್ರೋಮ್ ಹದವನ್ನು ಶುರು ಮಾಡಿಸಿದ. ಯಾವುದಕ್ಕೆ ಗೊತ್ತಾ? ಕಪಿಲೆ ಬಾವಿಗೆ. ಎತ್ತು ಕಟ್ಟಿ ನೀರು ಎತ್ತುತ್ತಿದ್ದರಲ್ಲ, ಆ ಚರ್ಮದ ಬಾನಿ. ಕ್ರೋಮ್ ಚರ್ಮ ನೀರಲ್ಲಿ ಜಾಸ್ತಿ ದಿನ ತಡೆಯುತ್ತದೆ. ಅದೇ ಚಾಟರ್ಟನ್ 1912ರಲ್ಲಿ ಮೈಸೂರಿಗೆ ಬಂದು ಕೈಗಾರಿಕೆ ಇಲಾಖೆ ನೋಡಿಕೊಂಡ. ಬೆಂಗಳೂರಿನ ಟ್ಯಾನರಿ ರೋಡಲ್ಲಿ ದಿನಾ ಟ್ರಾಫಿಕ್ಕಲ್ಲಿ ಸಿಕ್ಕಿಕೊಳ್ಳುವವರು ಆ ಹೆಸರು ಎಲ್ಲಿಂದ ಬಂತು ಅಂತ ಒಮ್ಮೆ ಯೋಚಿಸಿ.

ಸ್ವಾತಂತ್ರ್ಯ ಬಂದಾಗಲೂ ನಾವು ಕಳಿಸುತ್ತಿದ್ದದ್ದು ಹಸಿ ತೊಗಲು ಮತ್ತು ಅರೆ ಹದದ ಚರ್ಮ. 1948ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಶುರುವಾಯಿತು. ಎಲವರ್ತಿ ನಾಯುಡಮ್ಮ ಅದರ ನಿರ್ದೇಶಕರಾಗಿದ್ದ ಕಾಲದಲ್ಲಿ ಪ್ರಯೋಗಾಲಯಕ್ಕೂ ಟ್ಯಾನರಿಗೂ ದಾರಿಯಾಯಿತು. 1985ರ ಕನಿಷ್ಕ ವಿಮಾನ ದುರಂತದಲ್ಲಿ ಅವರು ತೀರಿಕೊಂಡರು. ನಿಜವಾದ ತಿರುವು ಮಾತ್ರ ಸೀತಾರಾಮಯ್ಯ ಸಮಿತಿಯ ವರದಿಯಿಂದ ಬಂತು. ಅದು 1972ರದ್ದು. ಅದನ್ನು ಹಿಡಿದು ಸರ್ಕಾರ 1973ರಲ್ಲಿ ಹಸಿ ತೊಗಲಿನ ರಫ್ತು ನಿಲ್ಲಿಸಿತು. ಅರೆ ಹದದ ಚರ್ಮಕ್ಕೆ ಕೋಟಾ ಹಾಕಿತು. ಫಿನಿಶ್ಡ್ ಚರ್ಮಕ್ಕೆ, ಶೂಗೆ ಪ್ರೋತ್ಸಾಹ ಕೊಟ್ಟಿತು.

ಕಾಗದದಲ್ಲಿ ನೋಡಿದರೆ ಇದು ಗೆದ್ದ ನೀತಿ. ಇವತ್ತು ಚರ್ಮ ಮತ್ತು ಚರ್ಮದ ಸಾಮಾನು ಎಲ್ಲ ಸೇರಿ ಭಾರತದ ರಫ್ತು ವರ್ಷಕ್ಕೆ 500 ಕೋಟಿ ಡಾಲರ್ ಆಸುಪಾಸು. ಅದರಲ್ಲಿ ಹತ್ತಿರ ಅರ್ಧ ಪಾದರಕ್ಷೆಯದ್ದೇ. ಬರೀ ಚರ್ಮದ್ದು ಸುಮಾರು ಹತ್ತನೇ ಒಂದು ಭಾಗ. 4101ರಿಂದ 6403ಕ್ಕೆ ಹತ್ತಿದ್ದೇವೆ. ಆದರೆ ಹತ್ತುವಾಗ ಏಣಿಯಿಂದ ಬಿದ್ದವರೂ ಇದ್ದಾರೆ. ತಂಗಡಿ ಹದ ಮಾಡುತ್ತಿದ್ದ ಸಣ್ಣ ಸಣ್ಣ ಟ್ಯಾನರಿಯವರಿಗೆ ಫಿನಿಶಿಂಗ್ ಮಷೀನ್ ತರುವ ದುಡ್ಡಿರಲಿಲ್ಲ. ಎಷ್ಟೋ ಜನ ದೊಡ್ಡವರಿಗೆ ಕೂಲಿ ಲೆಕ್ಕದಲ್ಲಿ ಹದ ಮಾಡಿಕೊಡುವವರಾದರು. ಜಾಬ್ ವರ್ಕ್ ಅಂತ ಅದಕ್ಕೆ ಹೆಸರು. ನಾನು ಸೇರಿದ ಹೊತ್ತಿಗೂ ಆಂಬೂರಲ್ಲಿ ಅಂಥ ಮುದುಕರು ಇದ್ದರು. 73ಕ್ಕೆ ಮೊದಲು, 73ಕ್ಕೆ ನಂತರ ಅಂತ ಅವರ ಆಯುಸ್ಸು ಎರಡು ಭಾಗ.

ಇದೇ ಆಟ ಬೇರೆ ದೇಶಗಳಲ್ಲೂ ನಡೆಯಿತು. ಇಥಿಯೋಪಿಯ 2008ರಲ್ಲಿ ಹಸಿ ತೊಗಲಿಗೆ, ವೆಟ್ ಬ್ಲೂಗೆ ಶೇ. 150 ರಫ್ತು ಸುಂಕ ಹಾಕಿತು. ನೂರೈವತ್ತು, ಹೌದು, ತಪ್ಪು ಕೇಳಿಸಿಲ್ಲ. ನಿಲ್ಲಿಸಿದೆ ಅನ್ನುವುದಕ್ಕೆ ಇದು ಇನ್ನೊಂದು ರೀತಿ. ಬ್ರೆಜಿಲ್‌ನಲ್ಲಿ 20 ಕೋಟಿಗೂ ಮೇಲೆ ದನ ಇವೆ. ಅದು 2000ದಲ್ಲಿ ಶೇ. 9 ಸುಂಕ ಹಾಕಿ, 2018ರ ಕೊನೆಗೆ ತೆಗೆದುಹಾಕಿತು. ಅಲ್ಲಿಂದ ಇವತ್ತಿಗೂ ಬಹಳಷ್ಟು ವೆಟ್ ಬ್ಲೂ ಆಗಿ ಚೀನಾಕ್ಕೆ, ಇಟಲಿಗೆ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರ್ಜೆಂಟೀನಾದ ಕೇಸು. ಗುಮಾಸ್ತನಾದವನಿಗೆ ಅದು ಪತ್ತೇದಾರಿ ಕಾದಂಬರಿ ಇದ್ದ ಹಾಗೆ. ಅರ್ಜೆಂಟೀನಾ 1972ರಿಂದ ಇಪ್ಪತ್ತು ವರ್ಷ ಹಸಿ ತೊಗಲಿನ ರಫ್ತು ನಿಲ್ಲಿಸಿತ್ತು. ಆಮೇಲೆ ನಿಷೇಧ ತೆಗೆದು ಸುಂಕ ಇಟ್ಟಿತು. ಕಾನೂನಿನ ಪ್ರಕಾರ ಬಾಗಿಲು ತೆರೆದಿತ್ತು. ಆದರೆ ತೊಗಲು ಹೊರಗೆ ಬರುತ್ತಲೇ ಇರಲಿಲ್ಲ. ಯುರೋಪಿನವರು ತಲೆ ಕೆರೆದುಕೊಂಡರು. ಅರ್ಜೆಂಟೀನಾದಲ್ಲಿ ಇಷ್ಟು ದನ, ಇಷ್ಟು ಮಾಂಸ, ತೊಗಲು ಎಲ್ಲಿ ಹೋಯಿತು?

ಹುಡುಕಿದಾಗ ಸಿಕ್ಕಿದ್ದು ಒಂದು ಸಣ್ಣ ಸರ್ಕಾರಿ ಆದೇಶ. ತೊಗಲಿನ ರಫ್ತು ಕಸ್ಟಮ್ಸಿನಲ್ಲಿ ತಪಾಸಣೆ ಆಗುವಾಗ ಅಲ್ಲಿನ ಟ್ಯಾನರಿಗಳ ಸಂಘದ ಪ್ರತಿನಿಧಿ ಪಕ್ಕದಲ್ಲಿ ನಿಲ್ಲಬಹುದು ಅಂತ. ಸುಮ್ನೆ ನಿಲ್ಲುವುದು, ಅಷ್ಟೇ. ಯೋಚನೆ ಮಾಡಿ. ನೀವು ಕಸಾಯಿಖಾನೆಯವರು. ಹತ್ತು ವರ್ಷದಿಂದ ಊರಿನ ಟ್ಯಾನರಿಗೆ ತೊಗಲು ಮಾರುತ್ತಿದ್ದೀರಿ. ಈ ಸಲ ಒಳ್ಳೆಯ ರೇಟು ಬಂತು ಅಂತ ಇಟಲಿಗೆ ಕಳಿಸಲು ಬಂದರಿಗೆ ಹೋಗುತ್ತೀರಿ. ಕಸ್ಟಮ್ಸ್ ಅಧಿಕಾರಿ ನಿಮ್ಮ ಕಾಗದ ಓದುತ್ತಿದ್ದಾರೆ. ಅವರ ಭುಜದ ಪಕ್ಕ ನಿಮ್ಮ ದಿನದ ಗಿರಾಕಿಯ ಮನುಷ್ಯ ನಿಂತಿದ್ದಾನೆ. ನಿಮ್ಮ ಬೆಲೆ, ನಿಮ್ಮ ಖರೀದಿದಾರ ಎಲ್ಲ ಅವನ ಕಣ್ಣೆದುರಿಗೆ. ಮುಂದಿನ ವಾರ ಮತ್ತೆ ಅವನಿಗೇ ಮಾರಬೇಕಲ್ಲ, ನೀವು ಕಳಿಸುತ್ತೀರಾ?

ಯುರೋಪ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2000ದ ಡಿಸೆಂಬರಿನಲ್ಲಿ ತೀರ್ಪು ಬಂತು. ಈ ನಿಯಮದಿಂದಲೇ ರಫ್ತು ನಿಂತಿದೆ ಅನ್ನುವುದನ್ನು ಯುರೋಪ್ ಸಾಬೀತು ಮಾಡಿಲ್ಲ ಎಂದರು. ಆದರೆ ಗುಟ್ಟಿನ ವ್ಯಾಪಾರ ಮಾಹಿತಿಯನ್ನು ಎದುರು ಪಾರ್ಟಿ ನೋಡುವಂತೆ ಕಾನೂನು ನಡೆಸುವುದು ನ್ಯಾಯವಲ್ಲ ಎಂದೂ ಹೇಳಿದರು. ಅರ್ಧ ಗೆಲುವು. ನಾನು ಇದನ್ನು ಹೇಳಿದ್ದು ಯಾಕೆಂದರೆ, ವ್ಯಾಪಾರ ತಡೆಯಲು ಯಾವಾಗಲೂ ಸುಂಕವೇ ಬೇಕಂತಿಲ್ಲ. ಒಬ್ಬ ಮನುಷ್ಯ ಕೈ ಕಟ್ಟಿಕೊಂಡು ನಿಂತರೂ ಸಾಕು.

ಇನ್ನು ಇಟಲಿ. ಅಲ್ಲಿ ದನ ಎಷ್ಟಿವೆಯೋ ಅದಕ್ಕಿಂತ ಬಹಳ ಜಾಸ್ತಿ ಚರ್ಮ ಹೊರಡುತ್ತದೆ. ಅರ್ಜಿಗ್ನಾನೊ, ಸಾಂತಾ ಕ್ರೋಚೆ ಎಂಬ ಎರಡು ಊರಿನ ಸುತ್ತ ಟ್ಯಾನರಿಗಳು. ಯುರೋಪಿನಲ್ಲಿ ತಯಾರಾಗುವ ಚರ್ಮದ ಬೆಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಟಲಿಯದು. ಪ್ರಪಂಚದ ಮೂಲೆಮೂಲೆಯ ವೆಟ್ ಬ್ಲೂ ತರಿಸಿ, ಬಣ್ಣ ಮತ್ತು ಮೈ ಕೊಟ್ಟು ಮಾರುತ್ತಾರೆ. ಹದ ಮಾಡುವ ಮೊದಲರ್ಧ ಕೆಲಸ ಬೇರೆಯವರಿಗೆ ಬಿಟ್ಟರೆ ಅವರಿಗೆ ಬೇಜಾರೇನೂ ಇಲ್ಲ. ಯಾಕೆ ಅಂತ ಕೇಳಿದರೆ ನಾವು ಮತ್ತೆ ಆಂಬೂರಿನ ವಾಸನೆಗೆ ವಾಪಸ್ ಬರಬೇಕು.

ಒಂದು ಟನ್ ಉಪ್ಪು ಹಾಕಿದ ತೊಗಲು ಹದ ಮಾಡಲು 30ರಿಂದ 40 ಸಾವಿರ ಲೀಟರ್ ನೀರು ಬೇಕು. ಕೊನೆಗೆ ಕೈಗೆ ಸಿಗುವ ಚರ್ಮ ಸುಮಾರು 200 ಕಿಲೋ. ಉಳಿದದ್ದೆಲ್ಲ ಕೂದಲು, ಕೊಬ್ಬು, ಸುಣ್ಣ, ಚೂರು, ಉಪ್ಪು ನೀರು. ಈ ಹೊಲಸಿನ ದೊಡ್ಡ ಪಾಲು ಹುಟ್ಟುವುದು ಹಸಿ ತೊಗಲಿಂದ ವೆಟ್ ಬ್ಲೂ ತನಕದ ಹಂತದಲ್ಲೇ. ಅಂದರೆ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಲಾಭ ಕಡಿಮೆ, ಕೊಳೆ ಜಾಸ್ತಿ. 1973ರಲ್ಲಿ ನಾವು ಹಸಿ ತೊಗಲು ಕಳಿಸುವುದಿಲ್ಲ ಅಂತ ಹಟ ಹಿಡಿದಾಗ ಕೆಲಸದ ಜೊತೆ ಆ ಕೊಳೆಯನ್ನೂ ಮನೆಯೊಳಗೇ ಇಟ್ಟುಕೊಂಡೆವು.

ಅದನ್ನು ಕುಡಿದದ್ದು ಪಾಲಾರ್ ನದಿ. ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆ ದಾಟಿ ಹೋದರೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ. ವೆಲ್ಲೂರಿನ ನಾಗರಿಕರ ವೇದಿಕೆ 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಆಗಸ್ಟ್ 28ರಂದು ತೀರ್ಪು. ಸುಮಾರು 35,000 ಹೆಕ್ಟೇರ್ ಹೊಲ ಬೇಸಾಯಕ್ಕೆ ಪೂರ್ತಿಯಾಗಿ ಅಥವಾ ಭಾಗಶಃ ಬಾರದ ಹಾಗಾಗಿದೆ ಅನ್ನುವುದು ಆ ತೀರ್ಪಿನಲ್ಲೇ ಇದೆ. ಕೊಳೆ ಮಾಡಿದವನೇ ದಂಡ ತೆರಬೇಕು ಅನ್ನುವ ತತ್ವ ಈ ದೇಶದಲ್ಲಿ ಗಟ್ಟಿಯಾದ ಕೇಸುಗಳಲ್ಲಿ ಇದೂ ಒಂದು. ಟ್ಯಾನರಿ ಒಂದಕ್ಕೆ 10,000 ರೂಪಾಯಿ ದಂಡ ಬಿತ್ತು. ಆಮೇಲೆ ಎಲ್ಲರೂ ಸೇರಿ ಕಟ್ಟಿದ ಶುದ್ಧೀಕರಣ ಘಟಕಗಳು ಬಂದವು. ಹೊರಗೆ ಒಂದು ಹನಿಯೂ ಬಿಡಬಾರದು ಅನ್ನುವ ನಿಯಮ ಬಂತು. ನೀರನ್ನು ಬೇರೆ ಮಾಡಿದ ಮೇಲೆ ಉಪ್ಪು ಉಳಿಯುತ್ತದೆ. ಆ ಉಪ್ಪಿನ ಗುಡ್ಡೆಯನ್ನು ಏನು ಮಾಡುವುದು ಅಂತ ನಾನು ಕೆಲಸ ಬಿಡುವ ದಿನದವರೆಗೂ ಮೀಟಿಂಗ್ ನಡೆಯುತ್ತಿತ್ತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಾಲಾರ್ ವಿಷಯದಲ್ಲಿ ಮತ್ತೊಂದು ತೀರ್ಪು ಕೊಡಬೇಕಾಗಿ ಬಂತು. ಅದನ್ನು ನೋಡಿದರೇ ಗೊತ್ತಾಗುತ್ತದೆ, ಕತೆ ಮುಗಿದಿಲ್ಲ. ಆ ಸಂಬಳದಲ್ಲೇ ನನ್ನ ಮಕ್ಕಳು ಓದಿದರು. ಹಾಗಾಗಿ ನಾನು ದೂರ ನಿಂತು ಬೆರಳು ತೋರಿಸುವ ಹಾಗಿಲ್ಲ.

ಕೊಳೆಯ ವಿಷಯ ಬಂದರೆ ಕಾಗದದ ವಿಷಯವೂ ಬರುತ್ತದೆ. ಅದು ನನ್ನ ಇಲಾಖೆ. ಮೊದಲು ಕೊಳ್ಳುವವರು ಬಣ್ಣ, ದಪ್ಪ, ಬೆಲೆ ಕೇಳುತ್ತಿದ್ದರು. 1989ರ ಕೊನೆಗೆ ಜರ್ಮನಿ ಪಿಸಿಪಿ ಎಂಬ ರಾಸಾಯನಿಕಕ್ಕೆ ಮಿತಿ ಹಾಕಿತು. ಚರ್ಮಕ್ಕೆ ಬೂಷ್ಟು ಹಿಡಿಯದಿರಲಿ ಅಂತ ನಮ್ಮಲ್ಲಿ ಅದನ್ನೇ ಬಳಸುತ್ತಿದ್ದರು. ಜರ್ಮನಿ ನಮ್ಮ ದೊಡ್ಡ ಗಿರಾಕಿ. ರಾತ್ರೋರಾತ್ರಿ ಬೇರೆ ಔಷಧಿ ಹುಡುಕಬೇಕಾಯಿತು. ಆಮೇಲೆ ಅಜೋ ಎಂಬ ರಾಸಾಯನಿಕ ಬಣ್ಣಗಳಲ್ಲಿ ಕೆಲವಕ್ಕೆ ನಿಷೇಧ. 2015ರ ಮೇ 1ರಿಂದ ಯುರೋಪಿನಲ್ಲಿ ಕ್ರೋಮಿಯಂ ಆರು ಅನ್ನುವುದು ಕಿಲೋ ಚರ್ಮಕ್ಕೆ 3 ಮಿಲಿಗ್ರಾಂ ದಾಟಬಾರದು ಅಂತ ಆಯಿತು.

ಈ ಕ್ರೋಮಿಯಂ ಆರು ಒಂದು ವಿಚಿತ್ರ. ಹದಕ್ಕೆ ಹಾಕುವುದು ಕ್ರೋಮಿಯಂ ಮೂರು. ಅದರಿಂದ ಅಂಥ ತೊಂದರೆ ಇಲ್ಲ. ಶಾಖ, ಒಣ ಗಾಳಿ, ಕೆಲವು ಬಗೆಯ ಮೀನೆಣ್ಣೆ ಸೇರಿದರೆ ಅದೇ ಆರಾಗಿ ತಿರುಗಬಹುದು. ಈ ಕ್ರೋಮಿಯಂ ಆರು ಮನುಷ್ಯರಿಗೆ ಚರ್ಮರೋಗ ತರುತ್ತದೆ. 2016ರ ಬೇಸಿಗೆಯಲ್ಲಿ ನಾನಿದ್ದ ಕಂಪನಿಯಿಂದ ಒಂದು ಕಂಟೇನರ್ ಹೊರಟಿತು. ಇಲ್ಲಿನ ಲ್ಯಾಬ್ ರಿಪೋರ್ಟ್ ಶುದ್ಧ. ನಾನೇ ಫೈಲಿಗೆ ಹಾಕಿದ್ದೆ. ಹಡಗಿನ ಮೇಲೆ ಕಬ್ಬಿಣದ ಡಬ್ಬಿಯೊಳಗೆ ವಾರಗಟ್ಟಲೆ ಬೆಂದು ಅಲ್ಲಿಗೆ ಮುಟ್ಟುವಾಗ ಮೂರಕ್ಕಿಂತ ಮೇಲೆ ಏರಿತ್ತು. ಇಡೀ ಮಾಲಿಗೆ ಕೊಂಡವರಿಂದ ಪರಿಹಾರದ ಕ್ಲೇಮು. ನಮ್ಮ ಕೆಮಿಸ್ಟ್ ಎಣ್ಣೆಯ ಡ್ರಮ್ ಮುಂದೆ ನಿಂತು, ‘ಇದೇ ಸಾರ್ ಕಳ್ಳ’ ಅಂದ. ಎಣ್ಣೆ ಬದಲಾಯಿಸಿದರು. ಆ ವರ್ಷದ ಬೋನಸ್ಸೂ ಬದಲಾಯಿತು.

ಈಗಿನ ಹೊಸ ಕಾಗದ ಅಂದರೆ ಯುರೋಪಿನ ಅರಣ್ಯನಾಶ ತಡೆ ನಿಯಮ. 2023ರದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಮೇಯ್ದ ದನದ್ದಲ್ಲ ಅಂತ ತೋರಿಸಬೇಕು ಎಂಬ ಲೆಕ್ಕ. ದನದ ಜೊತೆಗೆ ಕಾಫಿಯೂ ಆ ಪಟ್ಟಿಯಲ್ಲಿತ್ತು. ನಿಮ್ಮಲ್ಲಿ ಕೊಡಗು, ಚಿಕ್ಕಮಗಳೂರಿನವರು ಇದ್ದರೆ ಮನೆಯಲ್ಲಿ ತೋಟದ ಜಿಪಿಎಸ್ ಬಗ್ಗೆ ಮಾತು ಕೇಳಿರುತ್ತೀರಿ. ಜಾರಿಗೆ ಬರುವ ತಾರೀಕು ಎರಡು ಸಲ ಮುಂದೆ ಹೋಯಿತು. ಅಮೆಜಾನ್ ಕಾಡಿನ ಅಂಚಿನಲ್ಲಿ ದನ ಮೇಯಿಸುವ ಬ್ರೆಜಿಲ್‌ಗೆ ಇದು ದೊಡ್ಡ ತಲೆನೋವು. ಕಾಫಿ ಗಿಡ ನಿಂತಲ್ಲೇ ನಿಂತಿರುತ್ತದೆ. ಕರು ಹಾಗಲ್ಲ, ಒಂದು ಕಡೆ ಹುಟ್ಟಿ, ಇನ್ನೊಂದು ಕಡೆ ಬೆಳೆದು, ಮೂರನೇ ಕಡೆ ಸಾಯುತ್ತದೆ. ಅದರ ಜಾತಕ ಯಾರು ಬರೆಯುವುದು?

ಈಗ ಇವತ್ತಿನ ಸ್ಥಿತಿ. ನಮ್ಮಲ್ಲಿ ದನಗಳ ಸಂಖ್ಯೆ ದೊಡ್ಡದು. ಆದರೆ ಬಹಳ ರಾಜ್ಯಗಳಲ್ಲಿ ಹಸು ಕಡಿಯುವಂತಿಲ್ಲ. ಮಹಾರಾಷ್ಟ್ರದಲ್ಲಿ 2015ರಿಂದ ಕಾನೂನು ಬಿಗಿಯಾಯಿತು. ಕರ್ನಾಟಕದಲ್ಲಿ 2021ರಿಂದ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಉಳಿದದ್ದಕ್ಕೆ ನಿಷೇಧ. ಸರಿಯೋ ತಪ್ಪೋ ಅನ್ನುವ ಚರ್ಚೆಗೆ ನಾನು ಇಲ್ಲಿ ಬಂದಿಲ್ಲ. ವ್ಯಾಪಾರದ ಲೆಕ್ಕ ಮಾತ್ರ ಹೇಳುತ್ತೇನೆ. ನಮ್ಮ ಟ್ಯಾನರಿಗಳಿಗೆ ಸಿಗುವುದು ಹೆಚ್ಚಾಗಿ ಎಮ್ಮೆಯ ತೊಗಲು. ಯುರೋಪಿನ ಶೂ ಕಂಪನಿಗಳು ಕೇಳುವ ನಯವಾದ ಹಸುವಿನ ಚರ್ಮ ಬೇಕಾದರೆ ಹೊರಗಿಂದ ತರಿಸಬೇಕು. ತರಿಸುತ್ತಲೂ ಇದ್ದೇವೆ. 2025ರ ಬಜೆಟ್ಟಿನಲ್ಲಿ ವೆಟ್ ಬ್ಲೂ ಆಮದಿನ ಸುಂಕ ಪೂರ್ತಿ ತೆಗೆದರು. ಅದೇ ಸಲ ಕ್ರಸ್ಟ್ ಚರ್ಮದ ರಫ್ತಿನ ಮೇಲಿದ್ದ ಶೇ. 20 ಸುಂಕವನ್ನೂ ತೆಗೆದರು.

ಮೊದಲನೆಯದು ನನಗೆ ಅರ್ಥವಾಗುತ್ತದೆ. ಇಟಲಿಯ ದಾರಿ ಅದು. ಕೊಳೆ ಹುಟ್ಟುವ ಹಂತ ಬೇರೆ ದೇಶದಲ್ಲಿ ಮುಗಿದಿರುತ್ತದೆ, ಪಾಲಾರ್‌ಗೂ ಹಗುರ. ಎರಡನೆಯದರ ಬಗ್ಗೆ ನನಗೆ ಅನುಮಾನ ಇದೆ. ಸಣ್ಣ ಟ್ಯಾನರಿಯವರಿಗೆ ಉಸಿರಾಡಲು ಜಾಗ ಸಿಗುತ್ತದೆ, ನಿಜ. 73ರಲ್ಲಿ ಬಿದ್ದವರ ಮಕ್ಕಳಿಗೆ ಇದು ನ್ಯಾಯ ಅಂತಲೂ ಅನ್ನಬಹುದು. ಆದರೆ ಒಳ್ಳೆಯ ಕ್ರಸ್ಟ್ ಹೊರಗೆ ಹೊರಟರೆ ಆಂಬೂರಿನ ಶೂ ಫ್ಯಾಕ್ಟರಿಯಲ್ಲಿ ಹೊಲಿಗೆ ಹಾಕುವ ಹೆಂಗಸರ ಮೆಷಿನ್ನಿಗೆ ಏನು ಉಳಿಯುತ್ತದೆ? ಐವತ್ತು ವರ್ಷ ಹತ್ತಿದ ಏಣಿಯಲ್ಲಿ ಒಂದು ಮೆಟ್ಟಿಲು ಇಳಿದ ಹಾಗಲ್ಲವೇ?

ಆ ಫ್ಯಾಕ್ಟರಿಗಳಿಗೆ 2025 ಕೆಟ್ಟ ವರ್ಷ. ಆಗಸ್ಟ್ 27ರಿಂದ ಅಮೆರಿಕ ಭಾರತದ ಮಾಲಿಗೆ ಶೇ. 50 ಸುಂಕ ಹಾಕಿತು. ಅದಕ್ಕೆ ಒಂದು ತಿಂಗಳ ಮುಂಚೆ ಬ್ರಿಟನ್ ಜೊತೆ ಒಪ್ಪಂದಕ್ಕೆ ಸಹಿ ಬಿದ್ದು, ಚರ್ಮ ಮತ್ತು ಶೂ ಮೇಲಿನ ಸುಂಕ ಸೊನ್ನೆಗೆ ಇಳಿಯುವ ಮಾತಾಗಿತ್ತು. ಒಂದು ಕಿಟಕಿ ತೆರೆಯುವ ಹೊತ್ತಿಗೆ ಬಾಗಿಲು ಮುಚ್ಚಿತು. ಇದೆಲ್ಲದರ ನಡುವೆ ಅದೇ ತಮಿಳುನಾಡಿನ ಚೆಯ್ಯಾರಿನಲ್ಲಿ ತೈವಾನಿನ ಕಂಪನಿ ನೈಕಿಗೆ ಶೂ ಮಾಡಿಕೊಡುತ್ತಿದೆ. ಈಚೆಗೆ ಅಂಥ ಕಂಪನಿಗಳು ಇನ್ನೂ ಬರುತ್ತಿವೆ. ಅವು ಮಾಡುವುದು ಹೆಚ್ಚಾಗಿ ಚರ್ಮವಿಲ್ಲದ ಶೂ. ಚರ್ಮ ಹೊಲಿಯಲು ಕಲಿತ ಕೈಗಳು ನಿಧಾನಕ್ಕೆ ಬಟ್ಟೆ, ರಬ್ಬರಿನ ಕಡೆ ತಿರುಗುತ್ತಿವೆ.

ಕೊನೆಗೆ ಬೆಳಗಾವಿ ಜಿಲ್ಲೆಯ ನಮ್ಮ ಅಥಣಿ. ಅಲ್ಲಿ ಮಾಡುವುದಕ್ಕೂ ಕೊಲ್ಹಾಪುರಿ ಚಪ್ಪಲಿ ಅಂತ ಹೆಸರು. ಆದರೆ ಮಾಲು ಯಾವ ಸೀಮೆಯದ್ದು ಅಂತ ಹೇಳುವ ಅದರ ಜಿಐ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಕ್ರೋಮ್ ಇಲ್ಲ, ತೊಗಟೆ, ಕಾಯಿಯ ಹದ. ಕಲ್ಯಾಣದ ಸಮಗಾರ ಹರಳಯ್ಯ ಬಸವಣ್ಣನಿಗೆ ತನ್ನ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿಕೊಟ್ಟ ಕತೆ ನಿಮಗೆ ಗೊತ್ತೇ ಇದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಹೆಚ್ಚೂಕಡಿಮೆ ಅದೇ ಚಪ್ಪಲಿ ತೋರಿಸಿತು. ಎಲ್ಲಿಂದ ಬಂತು ಅಂತ ಹೇಳಲಿಲ್ಲ. ಗಲಾಟೆ ಆದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ನಮ್ಮ ಲಿಡ್ಕರ್ ಎಂಬ ಸರ್ಕಾರಿ ಚರ್ಮ ನಿಗಮಗಳ ಜೊತೆ ಒಪ್ಪಂದ ಆಯಿತು. 2000 ಜೋಡಿ, ಜೋಡಿಗೆ ಸುಮಾರು 800 ಯೂರೋ ಅಂತ ಸುದ್ದಿ ಬಂತು. ಏಣಿಯ ತುತ್ತತುದಿ ಅಂದರೆ ಅದು. ಅಲ್ಲಿ ಬೆಲೆ ಕಟ್ಟುವುದು ಚರ್ಮಕ್ಕಲ್ಲ, ಹೆಸರಿಗೆ.

ಇಷ್ಟು ಹೇಳಿ ಪ್ರಶ್ನೆ ಕೇಳಿ ಅಂದೆ. ಸ್ವಲ್ಪ ಹೊತ್ತು ಯಾರೂ ಎದ್ದೇಳಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದಳು. ‘ಸರ್, ನೀವು 4101ರಿಂದ ಶುರು ಮಾಡಿದಿರಿ. ಅದಕ್ಕೂ ಮೊದಲು ಸುಲಿಯುವವರು ಇರುತ್ತಾರಲ್ಲ. ಅವರಿಗೆ ಯಾವ ನಂಬರು?’

ಇಲ್ಲಮ್ಮ ಅಂದೆ. ಅವರಿಗೆ ನಂಬರಿಲ್ಲ. ಸತ್ತ ದನ ಎಳೆದುಕೊಂಡು ಹೋಗಿ ಸುಲಿಯುವ ಕೆಲಸ ಹುಟ್ಟಿನಿಂದಲೇ ಕೆಲವರ ತಲೆಗೆ ಕಟ್ಟಿದ್ದು. ದುಡ್ಡು ಕಡಿಮೆ, ಅವಮಾನ ಜಾಸ್ತಿ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸು ಸುಲಿಯುತ್ತಿದ್ದ ದಲಿತ ಹುಡುಗರನ್ನು ಹೊಡೆದ ಮೇಲೆ ಅಲ್ಲಿನವರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿ ಮುಂದೆ ಹಾಕಿದರು. ಇನ್ನು ಮೇಲೆ ನಾವು ಮುಟ್ಟುವುದಿಲ್ಲ ಅಂದರು. ನಮ್ಮ ಕಡೆ ಎಷ್ಟೋ ಊರಲ್ಲಿ ಅದಕ್ಕೂ ಮೊದಲೇ, ಸದ್ದಿಲ್ಲದೆ, ಬಿಟ್ಟಿದ್ದಾರೆ. ನಾನು ನನ್ನ ಊರನ್ನೇ ನೋಡಿದ್ದೇನೆ.

‘ಹಾಗಾದ್ರೆ ಈಗ ನಿಮ್ಮೂರಲ್ಲಿ ದನ ಸತ್ತರೆ?’ ಅಂದಳು.

ಜೆಸಿಬಿ ಕರೆಸುತ್ತಾರೆ. ಕೆರೆ ಅಂಗಳದಲ್ಲಿ ಗುಂಡಿ ತೆಗೆದು ತೊಗಲಿನ ಸಮೇತ ಹೂಳುತ್ತಾರೆ. ಕಳೆದ ವರ್ಷ ನಮ್ಮಣ್ಣನ ಹಸು ಹೋದಾಗ ನಾನೇ ಜೆಸಿಬಿಯವನಿಗೆ ದುಡ್ಡು ಕೊಟ್ಟೆ. ಎಣಿಸಿ ಕೊಡುವಾಗ ಹಳೆ ಚಟ, ಆ ತೊಗಲಿನ ರೇಟು ಮನಸ್ಸಲ್ಲೇ ಹಾಕಿ ನೋಡಿದೆ. ಜೆಸಿಬಿ ಬಾಡಿಗೆಯೇ ಜಾಸ್ತಿ ಇತ್ತು.